ಅಸ್ಸಾಮಿನಿಂದ ಹಾರಿ ಬಂದ ಸೋದರಮಾವ

ನನ್ನ ಮದುವೆಯ ದಿನ ಬೆಳಗ್ಗೆ ನಾನು ದೇವರ ಮುಖಕ್ಕಿಂತ ಆಕಾಶವನ್ನೇ ಹೆಚ್ಚು ನೋಡಿದೆ. ಸೋದರಮಾವ ವಿಮಾನದಲ್ಲಿ ಬರುತ್ತೇನೆಂದು ಬರೆದಿದ್ದ. ಯುದ್ಧದ ಕಾಲ. ಅಸ್ಸಾಮಿನ ಗಡಿಯಲ್ಲಿ ಕಾಡು ಕಡಿದು ಮಾಡಿದ ವಿಮಾನ ನಿಲ್ದಾಣದಲ್ಲಿ ಅವನು ಮೆಕ್ಯಾನಿಕ್ಕು. ರಿಪೇರಿಗೆ ಹೊರಟ ವಿಮಾನದ ಜೊತೆ ಬೆಂಗಳೂರಿನಾಚೆಯ ಬಯಲಿನಲ್ಲಿ ಇಳಿದು, ಬಸ್ಸು ಹಿಡಿದು, ಅರಕಲಗೂಡಿಗೆ ಬಂದು ನನ್ನನ್ನು ಎತ್ತಿಕೊಂಡು ಮಂಟಪಕ್ಕೆ ತರುತ್ತಾನೆಂದು ಅವ್ವ ಊರಿಗೆಲ್ಲ ಸಾರಿದ್ದಳು.

ನಮ್ಮಲ್ಲಿ ಹೆಣ್ಣನ್ನು ಎತ್ತಿ ತರಬೇಕಾದವನು ತಾಯಿಯ ತಮ್ಮ. ಅವ್ವನಿಗೆ ತವರು ಅಂತ ಉಳಿದಿದ್ದವನು ಅವನೊಬ್ಬನೇ. ಅವನೂ ಬರದಿದ್ದರೆ ಅವಳ ತವರಿನ ಬಾಗಿಲು ಮುಚ್ಚಿತು ಅಂತ ಜನ ಆಡಿಕೊಳ್ಳುತ್ತಾರೆ. ಅದೇ ಅವಳ ಸಂಕಟ.

ಮೇಷ್ಟ್ರಾಗಿದ್ದ ಅಪ್ಪ ಸ್ಕೂಲಿನ ಭೂಪಟದ ಮೇಲೆ ದಾರ ಎಳೆದು ಎರಡು ನಿಲ್ದಾಣಗಳ ದೂರ ಅಳೆದಿದ್ದ. "ಬೆಳಗ್ಗೆ ಅಲ್ಲಿ ರೊಟ್ಟಿ ತಿಂದ್ರೆ ಸಂಜೀಕೆ ಬೆಂಗ್ಳೂರಲ್ಲಿ ಮುದ್ದೆ ಕಣೆ," ಅಂದಿದ್ದ. ಬೆಂಗಳೂರಿಂದ ಈಚೆಗೆ ಮಾತ್ರ ದಾರ ಎಳೆಯಲಿಲ್ಲ. ಗೊತ್ತಿರುವ ದಾರಿ, ಅಳೆಯುವುದೇನು?

ಹಿಂದಿನ ದಿನ ಬರಬೇಕಾದವನು ಬೆಳಗಾದರೂ ಪತ್ತೆಯಿಲ್ಲ. ಬಾಸಿಂಗ ಕಟ್ಟಿಸಿಕೊಂಡ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಗಂಡಿನ ಸೋದರತ್ತೆ ಬಾಗಿಲಲ್ಲಿ ನಿಂತು, "ಏನ್ ಬೀಗಿತ್ತಿ, ನಿಮ್ ತಮ್ಮ ಮೋಡದಾಗೆ ಸಿಕ್ಕಾಕ್ಕೊಂಡನಾ?" ಅಂದಳು. ಅವ್ವ ನಕ್ಕಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ಮುಹೂರ್ತ ಮೀರುತ್ತದೆಂದು ಹೊರಗೆ ಗದ್ದಲ. ಬೇರೆ ಯಾರಾದರೂ ಎತ್ತಿಕೊಳ್ಳಲಿ ಅಂದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನನ್ ತಮ್ಮ ಬತ್ತಾನೆ. ಬಂದೇ ಬತ್ತಾನೆ."

"ಬುಡವ್ವ, ನಂಗೂ ಕಾಲ್ ಅವೆ," ಎಂದು ನಿರಿಗೆ ಹಿಡಿದು ನಡೆದೇಬಿಟ್ಟೆ. ಬೇರೆಯವರ ಕೈ ಅವ್ವನ ತಮ್ಮನ ಜಾಗಕ್ಕೆ ಬರುವುದು ನನಗೂ ಬೇಕಿರಲಿಲ್ಲ. ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

ಊಟದ ಪಂಕ್ತಿ ಏಳುವ ಹೊತ್ತಿಗೆ ಮಾವ ಬಂದ. ಮುಖವೆಲ್ಲ ಮಸಿ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳು ಅವು. ಚನ್ನರಾಯಪಟ್ಟಣದಲ್ಲಿ ಬಸ್ಸು ಕೈಕೊಟ್ಟಿತು. ವಿಮಾನ ರಿಪೇರಿ ಮಾಡುವವನಿಗೂ ಬಗ್ಗಲಿಲ್ಲ. ಹೊಳೆನರಸೀಪುರದವರೆಗೆ ಯಾರದೋ ಎತ್ತಿನ ಗಾಡಿ, ಅಲ್ಲಿಂದ ನಡಿಗೆ.

"ಅಕ್ಕಾ, ಇಡೀ ದೇಶಾನೇ ಒಂದು ದಿನದಾಗೆ ದಾಟ್ಬುಟ್ಟೆ. ನಿನ್ ಮನೆ ಮುಟ್ಟಾಕೆ ಆಗ್ಲಿಲ್ವಲ್ಲಾ!" ಎಂದು ನೆಲಕ್ಕೆ ಕೂತು ಗೊಳೋ ಅಂತ ಅತ್ತ. ಅವ್ವ ತನ್ನ ಹೊಸ ಸೀರೆಯ ಸೆರಗಿನಿಂದಲೇ ಅವನ ಮಸಿ ಒರೆಸಿದಳು.

ಸಂಜೆ ಗಂಡಿನ ಊರಾದ ಗೊರೂರಿಗೆ ಹೊರಡುವ ಗಾಡಿ ಬಾಗಿಲಿಗೆ ಬಂತು. ನಾನು ಹತ್ತಲು ಹೋದೆ. "ತಡಿಯೇ," ಅಂದಳು ಅವ್ವ. ಆ ಸೋದರತ್ತೆಗೆ ಕೇಳಲಿ ಅಂತಲೇ ಜೋರಾಗಿ, "ಎತ್ಕೊಳ್ಳೋ ಅವಳ್ನ! ನನ್ ತವ್ರು ಬಂದದೆ."

ಬೊಬ್ಬೆ ಎದ್ದ ಕಾಲಲ್ಲಿ ಕುಂಟುತ್ತ ಮಾವ ನನ್ನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಗೊರೂರು ದೂರವೇನಲ್ಲ, ರಾತ್ರಿ ಊಟಕ್ಕೆ ಮುಟ್ಟುವ ದಾರಿ. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅವ್ವ ತಮ್ಮನ ಭುಜ ಹಿಡಿದು ನಿಂತಿದ್ದಳು. ಮಂಟಪಕ್ಕೆ ಒಬ್ಬಳೇ ನಡೆದು ಹೋದವಳಿಗೆ ಆಗ ಗಾಡಿ ಇಳಿದು ವಾಪಸು ನಡೆಯಲಾಗಲಿಲ್ಲ.