ಖಾಲಿ ಬಿಡಬೇಕಾಗಿದ್ದ ಎರಡು ಸಾಲು

ಮೇಡಮ್ ಮಣ್ಣನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದರು. ಹೊಲದ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಬಿಳಿ ಪೊರೆ ಕಟ್ಟಿದ ಹೆಂಟೆಯೊಂದನ್ನು ಬೆರಳಲ್ಲೇ ಪುಡಿ ಮಾಡಿ, ಸಾಸಿವೆ ಕಾಳಿನಷ್ಟನ್ನು ನಾಲಿಗೆಗಿಟ್ಟು ಕಣ್ಣು ಮುಚ್ಚುವರು. ಆಮೇಲೆ ಪಕ್ಕಕ್ಕೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು, "ಉಪ್ಪು ಭಾಳ ಐತಿ. ಆದ್ರ ನನ್ನ ನಾಲಿಗಿ ನಂಬಬ್ಯಾಡ, ಮಶೀನಿಗೆ ಹಾಕಿ ನೋಡಿ ಬರಕೋ" ಅನ್ನುವರು.

ಅವರು ನನ್ನ ಪಿಎಚ್.ಡಿ. ಗೈಡ್. ಹುಕ್ಕೇರಿಯವರು, ವಿಶ್ವವಿದ್ಯಾಲಯದಲ್ಲಿ ಮಣ್ಣಿನ ರಸಾಯನ ಕಲಿಸುತ್ತಿದ್ದರು. ನಾನು ಮೂಡಲಗಿ ಹತ್ತಿರದ ಹಳ್ಳಿಯವಳು. ಅಪ್ಪ ಅವ್ವ ಕಂಡವರ ಹೊಲದಲ್ಲಿ ದುಡಿಯುವವರು, ನಮ್ಮ ಓಣಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೊದಲ ಹುಡುಗಿ ನಾನು. ನೀರು ಹೆಚ್ಚಾಗಿ ಉಪ್ಪೇರಿ ಸವಳು ಹಿಡಿದ ಹೊಳೆದಂಡೆಯ ಹೊಲಗಳ ಮೇಲೆ ಕೆಲಸ ಮಾಡುತ್ತೇನೆಂದಾಗ ಮೇಡಮ್ ಯಾಕೆಂದು ಕೇಳಿದ್ದರು. "ಅಪ್ಪ ದುಡಿಯೂ ಹೊಲಾ ಹಂಗ ಆಗೇತ್ರಿ. ಅಲ್ಲೆ ಈಗ ಕೂಲಿ ಇಲ್ರಿ" ಅಂದೆ. ಅವರು ಮುಂದೆ ಏನೂ ಕೇಳದೆ ಅರ್ಜಿಗೆ ಸಹಿ ಹಾಕಿದರು.

ಕಟ್ಟುನಿಟ್ಟಿನ ಹೆಂಗಸು. ಹತ್ತು ಗಂಟೆಗೆ ಬಾ ಎಂದರೆ ಹತ್ತಕ್ಕೆ ಐದು ನಿಮಿಷವಿರುವಾಗಲೇ ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಮಧ್ಯಾಹ್ನ ಮಾತ್ರ ಬೇರೆಯೇ ವ್ಯಕ್ತಿ. ರೊಟ್ಟಿ, ಝುಣಕದ ಡಬ್ಬಿಯನ್ನು ಮೇಜಿನ ನಡುವೆ ಬಿಚ್ಚಿಟ್ಟು, ಹಾಸ್ಟೆಲ್ ಊಟದಲ್ಲಿ ಸೊರಗಿದ ನಮ್ಮೆಲ್ಲರನ್ನೂ ಸುತ್ತ ಕೂರಿಸಿಕೊಳ್ಳುವರು. ಯಾರಾದರೂ ಸಂಕೋಚಪಟ್ಟರೆ, "ತಿನ್ನೂದ್ರಾಗ ಏನ ನಾಚಿಕಿ? ನಾಚಿಕಿ ಬರೂದಾದ್ರ ತಪ್ಪ ಲೆಕ್ಕಾ ಬರದಾಗ ಬರ್ಲಿ" ಎಂದು ಗದರುವರು.

ಆ ತಪ್ಪನ್ನು ನಾನೇ ಮಾಡಿದೆ.

ಪ್ರತಿ ತಿಂಗಳೂ ಗೊತ್ತುಮಾಡಿದ ಹೊಲಗಳಿಂದ ಮಣ್ಣು, ಬಾವಿಯ ನೀರು ತಂದು ಪರೀಕ್ಷಿಸಬೇಕಿತ್ತು. ಎರಡನೆಯ ವರ್ಷದ ಶ್ರಾವಣದಲ್ಲಿ ಅಕ್ಕನ ಹೆರಿಗೆ ಕಷ್ಟವಾಗಿ ಘಟಪ್ರಭಾದ ಆಸ್ಪತ್ರೆಯಲ್ಲೇ ಉಳಿದೆ. ಅದೇ ಹೊತ್ತಿಗೆ ಹೊಳೆಯೂ ತುಂಬಿ ಬಂತು. ಆ ತಿಂಗಳೂ ಮುಂದಿನ ತಿಂಗಳೂ ಹೊಲಕ್ಕೆ ಹೋಗಲಾಗಲಿಲ್ಲ. ಹಿಂದುಮುಂದಿನ ಅಂಕಿಗಳನ್ನು ನೋಡಿ, ನಡುವೆ ಹೊಂದುವಂಥ ಅಂಕಿಗಳಿಂದ ಹಾಸ್ಟೆಲ್ ಕೋಣೆಯಲ್ಲಿ ಕೂತು ವಹಿಯ ಎರಡು ಸಾಲು ತುಂಬಿಸಿದೆ. ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕುವ ಗಡಿಬಿಡಿಯಲ್ಲಿದ್ದ ಮೇಡಮ್ ಅಂದು ಪುಟದ ಕೆಳಗೆ ಸಹಿ ಹಾಕಿಬಿಟ್ಟರು. ಆ ಅಂಕಿಗಳ ಮೇಲೆ ನಮ್ಮಿಬ್ಬರ ಹೆಸರಿನಲ್ಲಿ ಒಂದು ಲೇಖನ ಪ್ರಕಟವಾಯಿತು. ಅವ್ವ ಅದನ್ನು ಬುದ್ಧನ ಫೋಟೋದ ಮುಂದೆ ಇಟ್ಟು ಕೈಮುಗಿದಳು.

ಮಹಾಪ್ರಬಂಧ ಸಲ್ಲಿಸಲು ಒಂದು ತಿಂಗಳಿರುವಾಗ ಮೇಡಮ್, ಹೊಲಗಳನ್ನು ಕೊನೆಯದಾಗಿ ನೋಡಿಬರೋಣ ಎಂದರು. ಗೋಕಾಕದಿಂದ ಬಸ್ಸು ಹಿಡಿದು ಹೋದೆವು. ಹೊಳೆಯ ಆಚೆ ದಂಡೆಯ ಹೊಲದ ಯಜಮಾನಿ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ನಮಗೆ ಚಹಾ ಕೊಟ್ಟಳು. ನನ್ನ ಬೆನ್ನು ಸವರಿ ಮೇಡಮ್ಮರಿಗೆ ಹೇಳಿದಳು: "ಭಾಳ ಚಲೋ ಹುಡುಗಿರಿ. ತಿಂಗಳಾ ತಪ್ಪದ ಬರತಾಳ. ಆ ಶ್ರಾವಣದಾಗ ಅಷ್ಟ ಬರಲಿಲ್ಲ ನೋಡ್ರಿ. ಹೆಂಗ ಬಂದಾಳ್ರಿ, ಬ್ರಿಜ್ ಮುಳುಗಿ ಈ ದಂಡಿಯವ್ರು ಆ ದಂಡಿಗೆ ಹೋಗಾಕ ಆಗಿರಲಿಲ್ಲ. ಈ ಹೊಲದಾಗ ಎದಿಮಟಾ ನೀರು."

ಚಹಾದ ಕಪ್ಪನ್ನು ಕೆಳಗಿಟ್ಟೆ. ಮೇಡಮ್ ನನ್ನ ಕಡೆ ನೋಡಲಿಲ್ಲ. ಚಹಾ ಮುಗಿಸಿ, ಆಯಿಗೆ ನಮಸ್ಕಾರ ಹೇಳಿ ಎದ್ದರು. ಬಸ್ಸಿನಲ್ಲಿ ಪಕ್ಕಪಕ್ಕವೇ ಕೂತಿದ್ದೆವು. ಬೈದಿದ್ದರೆ ಉಸಿರಾದರೂ ಆಡುತ್ತಿತ್ತು.

ಲ್ಯಾಬಿಗೆ ಬಂದವರೇ ನನ್ನ ವಹಿ ತೆಗೆದು ಆ ಪುಟದ ಮೇಲೆ ಬೆರಳಿಟ್ಟರು.

"ಇವು ಎಲ್ಲಿಂದ ಬಂದಾವು?"

"ನಾನ ಬರದೇನ್ರಿ."

"ಯಾಕ?"

ಅಕ್ಕ, ಆಸ್ಪತ್ರೆ, ಹೊಳೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿದರು. "ಖಾಲಿ ಬಿಡಬೇಕಿತ್ತಲ್ಲ. ಖಾಲಿ ಬಿಟ್ಟಿದ್ರ ಯಾರರೆ ನಿನ್ನ ನುಂಗತಿದ್ರೇನು?" ಅಂದರು. ಧ್ವನಿ ಏರಿರಲಿಲ್ಲ. ಆದರೆ ಬೆರಳು ಆ ಸಾಲುಗಳಿಂದ ಸರಿದು ಕೆಳಗಿನ ತಮ್ಮ ಸಹಿಯ ಮೇಲೆ ನಿಂತಿತ್ತು.

ಮರುದಿನ ಲೇಖನವನ್ನು ಹಿಂಪಡೆಯುವ ಪತ್ರ ಬರೆಯಲು ಕೂತರು. ಬಾಜೂ ಕೋಣೆಯ ಸಹೋದ್ಯೋಗಿಯೊಬ್ಬರು ಬಂದು, "ಮೇಡಮ್, ನಿಮ್ಮ ಇಂಟರ್‌ವ್ಯೂ ಮುಗಿಯೂತನಾ ತಡೀರಿ. ಎರಡ ವಾರದ ಮಾತು" ಎಂದು ಅಂಗಲಾಚಿದರು. ಮೇಡಮ್ ತಲೆ ಎತ್ತದೆ, "ಎರಡ ವಾರ ಕ್ಲಾಸಿನ್ಯಾಗ ನಿಂತು ನಾ ಏನಂತ ಹೇಳ್ಲಿರಿ ಹುಡುಗರಿಗೆ?" ಅಂದರು. ಪತ್ರ ಹೋಯಿತು. ಸಂದರ್ಶನದ ಪಟ್ಟಿಯಿಂದ ಅವರ ಹೆಸರೂ ಹೋಯಿತು.

ಸಂಶೋಧನಾ ಸಮಿತಿಯ ಮುಂದೆ ನಮ್ಮಿಬ್ಬರನ್ನೂ ಕರೆದರು. ನನ್ನ ನೋಂದಣಿ ರದ್ದುಮಾಡಿ ಮುಗಿಸೋಣ ಎಂದರು ಒಬ್ಬ ಸದಸ್ಯರು. ಊರಿಗೆ ಹೋಗಿ ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಮೇಡಮ್ ಎದ್ದು ನಿಂತರು. "ರದ್ದ ಮಾಡೂದಾದ್ರ ನನ್ನ ಗೈಡ್‌ಶಿಪ್ಪೂ ರದ್ದ ಮಾಡ್ರಿ. ಆಕಿ ಸುಳ್ಳ ಬರದ್ಳು, ನಾ ನೋಡದ ಸಹಿ ಮಾಡಿದೆ. ಒಂದ ಮಳಿಗಾಲ ಕೊಡ್ರಿ. ಹೊಲದಾಗ ನಾನೂ ನಿಂತು ಮಾಡಸ್ತೀನಿ." ಬಹಳ ಹೊತ್ತು ಚರ್ಚೆಯಾಗಿ, ಕೊನೆಗೆ ಒಂದು ವರ್ಷ ಕೊಟ್ಟರು.

ಒಳಗೆ ನಡೆದದ್ದು ಹೊರಗೆ ಬರಲಿಲ್ಲ. ಗೈಡ್ ಬಡ ಹುಡುಗಿಯೊಬ್ಬಳನ್ನು ಬೇಕಂತಲೇ ಸತಾಯಿಸುತ್ತಿದ್ದಾರೆ ಎಂಬ ಮಾತು ಹಾಸ್ಟೆಲಿನಲ್ಲಿ ಹಬ್ಬಿತು. ನನ್ನ ಗೆಳತಿಯರು ನನ್ನ ಪರವಾಗಿ ಕುದಿಯುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅವರ ಕನಿಕರ ನನಗೆ ಹಿತವಾಗಿತ್ತು. ಇದನ್ನು ಇಂದಿಗೂ ಬರೆಯಲು ನಾಚಿಕೆ.

ಒಂದು ಬೆಳಿಗ್ಗೆ ಮೂವತ್ತು ನಲವತ್ತು ಮಂದಿ ಮೇಡಮ್ಮರ ಕೋಣೆಯ ಮುಂದೆ ಸೇರಿದರು. ಘೋಷಣೆ ಕೇಳಿ ನಾನು ಓಡಿ ಬಂದೆ. ಮೇಡಮ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

"ಆಕೀನ ಒಂದ ವರ್ಷ ಯಾಕ ನಿಲ್ಲಿಸೀರಿ, ಹೇಳ್ರಿ!" ಎಂದಳು ನನ್ನ ಕೋಣೆಯ ಗೆಳತಿಯೇ.

"ಆಕೀದು ಒಂದ ಮಳಿಗಾಲದ ಕೆಲಸಾ ಉಳದೈತಿ. ಅಷ್ಟ" ಅಂದರು ಮೇಡಮ್.

"ಸುಳ್ಳ ಹೇಳಬ್ಯಾಡ್ರಿ!"

ಆ ಮಾತು ಅವರ ಮುಖಕ್ಕೆ ಬಡಿದದ್ದನ್ನು ಕಂಡೆ. ಆಗಲೂ ಅವರು ನನ್ನತ್ತ ಬೆರಳು ತೋರಿಸಲಿಲ್ಲ. ಗುಂಪನ್ನು ಸೀಳಿಕೊಂಡು ಮುಂದೆ ಹೋದೆ.

"ಸುಳ್ಳ ಹೇಳಿದಾಕಿ ನಾನು. ಹೊಲಕ್ಕ ಹೋಗದ ಅಂಕಿ ಬರದಿದ್ದೆ. ಮೇಡಮ್ಮರು ನನ್ನ ಉಳಿಸ್ಯಾರ."

ಒಬ್ಬೊಬ್ಬರಾಗಿ ಚದುರಿದರು. ಗೆಳತಿ ನನ್ನನ್ನು ನೋಡಿದ ಆ ನೋಟ ಮರೆಯಲಾರೆ. ಅವಳು ಮೂರು ತಿಂಗಳು ನನ್ನೊಂದಿಗೆ ಮೆಸ್ಸಿನಲ್ಲಿ ಕೂರಲಿಲ್ಲ. ಕಾರಿಡಾರ್ ಖಾಲಿಯಾದ ಮೇಲೆ ಮೇಡಮ್, "ಒಳಗ ಬಾ. ಬರೂ ತಿಂಗಳಾ ಎಷ್ಟನೇ ತಾರೀಖಿಗೆ ಹೊಲಕ್ಕ ಹೋಗೂದು, ಹೇಳು" ಅಂದರು.

ಆ ವರ್ಷ ಪ್ರತಿ ತಿಂಗಳೂ ಅವರು ನನ್ನೊಂದಿಗೆ ಬಂದರು. ಮಳೆಯಲ್ಲಿ ಕೊಡೆ ಹಿಡಿದು ನಿಂತು, ನಾನು ಬರೆದ ಪ್ರತಿ ಅಂಕಿಯನ್ನೂ ಓದಿಸಿ ಕೇಳಿದರು. ನಿಜವಾದ ಅಂಕಿಗಳು, ಒಂದೇ ಸಮ ಸಾಗುತ್ತವೆಂಬ ನನ್ನ ಊಹೆಗೆ ತದ್ವಿರುದ್ಧವಾಗಿ ಬಂದವು: ಮಳೆಗಾಲದಲ್ಲಿ ಇಳಿದ ಉಪ್ಪು, ನೀರು ಬಸಿದ ಮೇಲೆ ಮೊದಲಿಗಿಂತ ಹೆಚ್ಚಾಗಿ ಮೇಲೇರಿತ್ತು. ಪ್ರಬಂಧದ ತೂಕವೇ ಅಲ್ಲಿತ್ತು. ನಾನು ಹಿಗ್ಗಿದೆ. ಮೇಡಮ್ ಹಿಗ್ಗಲಿಲ್ಲ. "ನಿನ್ನ ಊಹೆ ಸರಿ ಬಂದಿದ್ರೂ ಅದು ಸುಳ್ಳ ಆಗಿರತಿತ್ತು" ಅಂದರು.

ಘಟಿಕೋತ್ಸವದ ದಿನ ಅವ್ವ ಅವರ ಕಾಲಿಗೆ ಬೀಳಲು ಹೋದಾಗ ಮೇಡಮ್ ಅವಳ ಎರಡೂ ಕೈ ಹಿಡಿದು ಎಬ್ಬಿಸಿ, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಅವ್ವನಿಗೆ ಏನೂ ಗೊತ್ತಿರಲಿಲ್ಲ. ಆ ಸಂಜೆಯೇ ನಾನು ಎಲ್ಲ ಹೇಳಿದೆ.

ಮೇಡಮ್ ಪ್ರೊಫೆಸರ್ ಆಗದೆಯೇ ನಿವೃತ್ತರಾದರು. ಕಳೆದ ವರ್ಷ ಅವರು ಕಾಯಿಲೆ ಬಿದ್ದಾಗ ಹುಕ್ಕೇರಿಯ ಮನೆಗೆ ಹೋಗಿದ್ದೆ. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ: "ನನ್ನ ಸಲುವಾಗಿ ನಿಮಗ ಆ ಪೋಸ್ಟ್ ತಪ್ಪಿತಲ್ರಿ. ಕೆಟ್ಟ ಅನಸಲಿಲ್ಲೇನ್ರಿ?"

ಏನೂ ಅನ್ನಿಸಲಿಲ್ಲ ಎನ್ನುತ್ತಾರೆಂದು ಕಾಯುತ್ತಿದ್ದೆ. ಅವರು ದಿಂಬಿಗೆ ಒರಗಿ ನನ್ನ ಕಡೆ ತಿರುಗಿದರು.

"ಭಾಳ ಕೆಟ್ಟ ಅನಸಿತ್ತವಾ. ಈಗೂ ಅನಸತೈತಿ. ನಿನಗ ಯಾಕ ಸುಳ್ಳ ಹೇಳ್ಲಿ?"

ಹದಿನೈದು ದಿನಕ್ಕೆ ಅವರು ತೀರಿಕೊಂಡರು. ನಾನು ಅವರಿಂದ ಕಲಿತ ಕೊನೆಯ ಪಾಠ ಅದು.