ಬಾಳೆಯ ಹಳೇ ರೋಗ, ಮಹಾನಂದಮ್ಮನ ಕೈ

ನನಗೆ ಸಿಟ್ಟು ಜಾಸ್ತಿ. ಚಾಮರಾಜಪೇಟೆಯ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಹನ್ನೆರಡು ವರ್ಷ ಸೂಪರ್‌ವೈಸರ್ ಆಗಿದ್ದವನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಆದರೆ ಈ ಸಲದ ಸಿಟ್ಟು ನನ್ನ ಮೇಲೇ. ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿದುಹೋಗುತ್ತದೆ.

ನಮ್ಮಲ್ಲಿ ಬಾಳೆಯ ಕಂದು, ಅಂದರೆ ಬುಡದಲ್ಲಿ ಏಳುವ ಮರಿ, ತಂದು, ಒಳಗಿನ ಎಳೆ ತಿರುಳನ್ನು ಕೊಯ್ದು, ಗಾಜಿನ ಬಾಟಲಿಗಳಲ್ಲಿ ಸಸಿ ಮಾಡುತ್ತೇವೆ. ಕೊಯ್ಯುವುದು ಶುದ್ಧ ಗಾಳಿ ಬೀಸುವ ಒಂದು ಮೇಜಿನ ಮುಂದೆ. ಅದರ ಪಕ್ಕದ ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ನಿಯಮಗಳಿವೆ. ಆ ಮೇಜಿನ ಮುಂದೆ ಹತ್ತೊಂಬತ್ತು ವರ್ಷ ಕೂತವರು ಮಹಾನಂದಮ್ಮ.

ನಗರ್ತಪೇಟೆಯ ಓಣಿಯ ಲಿಂಗಾಯತರ ಹೆಂಗಸು. ಓದಿದ್ದು ಹತ್ತನೇ ಕ್ಲಾಸು. ಬೇರೆಯವರ ನೂರು ಬಾಟಲಿಯಲ್ಲಿ ಹತ್ತಕ್ಕೆ ಬೂಷ್ಟು ಹಿಡಿದರೆ ಇವರದರಲ್ಲಿ ಒಂದಕ್ಕೆ ಹಿಡಿದರೆ ಹೆಚ್ಚು. ಓಣಿಯಲ್ಲಿ ಯಾರು ಕರಿಬೇವಿನ ಗಿಡ ತಂದರೂ "ಮಹಾನಂದಕ್ಕನ ಕೈಲಿ ನೆಡಿಸಿ, ಕೈಗುಣ ಒಳ್ಳೇದು" ಎನ್ನುತ್ತಿದ್ದರಂತೆ. ದಿನಾ ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಿಲ್ವಪತ್ರೆ ತಂದು, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡಿ, ಒಂದು ಪತ್ರೆಯನ್ನು ಮುಡಿಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಲ್ಯಾಬಿನ ಬಾಗಿಲ ಬಳಿ ಅದನ್ನು ತೆಗೆದು ಗೋಡೆಯ ಗೂಡಿನಲ್ಲಿಡುತ್ತಿದ್ದರು.

ಹೋದ ವರ್ಷ ಯಜಮಾನ ಬೈರಯ್ಯನವರು ಹೊಸ ಮಿಶ್ರತಳಿಯ ಬಾಳೆ ತಂದರು. ತಾಯಿಗಿಡ ಎಂಥ ಚೆಂದ ಅಂತೀರಿ! ಎಲೆಯಲ್ಲಿ ಒಂದು ಚುಕ್ಕೆ ಇರಲಿಲ್ಲ. ಅದರಿಂದ ಮಹಾನಂದಮ್ಮ ಮಾಡಿದ ಸಸಿಗಳು ನೆರಳುಮನೆಗೆ ಹೋಗಿ ಎರಡು ತಿಂಗಳಾಗಿತ್ತಷ್ಟೇ, ಎಲೆಯ ತುಂಬ ಹಳದಿ ಗೆರೆ ಎದ್ದಿತು. ವೈರಸ್ ರೋಗ. ಹಿಟ್ಟುತಿಗಣೆ ಎಂಬ ಬಿಳೀ ಹುಳು ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ಹಬ್ಬಿಸುತ್ತದೆ. ಅಷ್ಟೂ ಸಸಿಗಳನ್ನು ಸುಟ್ಟೆವು.

ಬೈರಯ್ಯನವರು ಕೂಗಾಡಿದರು. "ತಾಯಿ ಚೆನ್ನಾಗೈತೆ, ಮಕ್ಳಿಗೆ ರೋಗ ಎಲ್ಲಿಂದ ಬಂತು ಶಶಿಕುಮಾರ್? ಯಾರೋ ಹೊರಗಿಂದ ತಂದವ್ರೆ. ಯಾರು ಅಂತ ಸಂಜೆಯೊಳಗೆ ಹೇಳಿ!"

ನನ್ನ ಕಣ್ಣು ಗೂಡಿನಲ್ಲಿದ್ದ ಪತ್ರೆಯ ಮೇಲೆ ಬಿತ್ತು. ಅದರಲ್ಲಿ ಹುಳು ಇತ್ತೇ? ನೋಡಲಿಲ್ಲ. ಭೂತಗನ್ನಡಿ ಜೇಬಿನಲ್ಲೇ ಇತ್ತು ಸ್ವಾಮಿ, ನೋಡಲಿಲ್ಲ!

"ಮಾರ್ಕೆಟ್ಟಿನ ಹುಳ ಎಲ್ಲಾ ಹೊತ್ಕೊಂಡು ಬರ್ತೀರಾ. ನಿಮ್ಮ ಕೈ ಸರಿಯಿಲ್ಲ ಮಹಾನಂದಮ್ಮ" ಎಂದುಬಿಟ್ಟೆ, ಎಲ್ಲರೆದುರಿಗೆ.

"ದಿನಾ ಲಿಂಗ ಹಿಡಿಯೋ ಕೈ ಸಾರ್ ಇದು" ಎಂದರು ಅವರು. "ಪತ್ರೆ ತೆಗೆದಿಟ್ಟು, ಮೂರು ಸಲ ಸೋಪು ಹಾಕಿ ತೊಳ್ಕೊಂಡೇ ಒಳಗೆ ಬರೋದು. ನೀವೇ ನೋಡಿದೀರಲ್ಲ."

ನೋಡಿದ್ದೆ. ಆದರೂ ಅವರನ್ನು ಬಾಟಲಿ ತೊಳೆಯುವ ಕೆಲಸಕ್ಕೆ ಹಾಕಿದೆ.

ಬಿಟ್ಟು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. "ಈಗ ಬಿಟ್ಟೋದ್ರೆ ತಪ್ಪು ನಂದೇ ಅಂತಾಗುತ್ತೆ ಸಾರ್. ಆ ಕುರ್ಚೀಲಿ ಇನ್ನೊಂದ್ಸಲ ಕೂತೇ ಹೋಗೋದು" ಎಂದರು. ಪೂಜೆಯನ್ನು ಸಂಜೆಗೆ ಹಾಕಿಕೊಂಡು, ಮಾರ್ಕೆಟ್ಟಿನ ದಾರಿಯನ್ನೇ ಬಿಟ್ಟರು. ಸುದ್ದಿ ಓಣಿಗೂ ಮುಟ್ಟಿ, ಕರಿಬೇವು ನೆಡಲು ಕರೆಯುವುದೂ ನಿಂತಿತು.

ಮುಂದಿನ ಸಲ ಅದೇ ತಳಿಯ ತಿರುಳನ್ನು ಬೇರೆಯವರು ಕೊಯ್ದರು. ಆ ಸಸಿಗಳಿಗೂ ಗೆರೆ ಬಂತು. ಆಗಲಾದರೂ ನನ್ನ ಮಂಡೆಗೆ ಹೊಳೆಯಬೇಡವೇ? ಬಾಟಲಿ ಸರಿಯಾಗಿ ತೊಳೆದಿಲ್ಲ ಎಂದು ಮತ್ತೆ ಅವರಿಗೇ ಬೈದೆ. ತೊಳೆಯುವ ನೀರಿಗೆ ಬ್ಲೀಚಿಂಗ್ ಪುಡಿ ದುಪ್ಪಟ್ಟು ಹಾಕಿಸಿದೆ. ಕೈಗವಸು ಹರಿದಿದೆ, ಹೊಸದು ಬೇಕು ಎಂದರು. ಮುಂದಿನ ತಿಂಗಳು ನೋಡೋಣ ಎಂದೆ.

ಒಂಬತ್ತು ತಿಂಗಳ ಮೇಲೆ, ಬೈರಯ್ಯನವರು ಸಂಶೋಧನಾ ಕೇಂದ್ರದಿಂದ ಯಶಶ್ರೀ ಎಂಬ ವಿಜ್ಞಾನಿಯನ್ನು ಕರೆಸಿದರು. ಆಕೆ ತಾಯಿಗಿಡದ ಎಲೆಯನ್ನೂ ಸಸಿಯ ಎಲೆಯನ್ನೂ ಪರೀಕ್ಷೆ ಮಾಡಿಸಿ, ವರದಿ ಹಿಡಿದು ಬಂದರು.

"ಇದು ಹೊರಗಿಂದ ಬಂದಿದ್ದಲ್ಲ ಸಾರ್" ಎಂದರು. "ಲಕ್ಷಾಂತರ ವರ್ಷದ ಹಿಂದೆ ಈ ವೈರಸ್ ಕಾಡುಬಾಳೆಯ ಡಿಎನ್‌ಎ ಒಳಗೇ ಸೇರ್ಕೊಂಡ್ಬಿಟ್ಟಿದೆ. ತಾಯಿಯಿಂದ ಮರಿಗೆ ಹಂಗೇ ಬರ್ತಾ ಇರುತ್ತೆ, ಏನೂ ಮಾಡಲ್ಲ. ಬೇರೆ ತಳಿ ಜೊತೆ ಬೆರೆಸಿ, ಬಾಟ್ಲಲ್ಲಿ ಪದೇಪದೇ ಕೊಯ್ದು ಬೆಳೆಸಿದ್ರೆ, ಕೆಲವು ಗಿಡದಲ್ಲಿ ಎದ್ದು ಕೂರುತ್ತೆ."

"ಹುಳು?"

"ಹುಳು ಬೇಕಾಗೇ ಇಲ್ಲ."

"ಕೈ?"

"ಯಾರ ಕೈಯದೂ ತಪ್ಪಿಲ್ಲ ಸಾರ್. ಗಿಡದೊಳಗೇ ಇತ್ತು."

ಥೂ, ನನ್ನ ಜನ್ಮಕ್ಕಿಷ್ಟು! ಮನುಷ್ಯ ಬಾಳೆ ನೆಡುವುದಕ್ಕೂ ಮೊದಲೇ ಗಿಡಕ್ಕೆ ಅಂಟಿಕೊಂಡ ರೋಗಕ್ಕೆ ನಾನು ಮಹಾನಂದಮ್ಮನ ಮೇಲೆ ಗೂಬೆ ಕೂರಿಸಿದ್ದೆ.

ಸೀದಾ ತೊಳೆಯುವ ಕಟ್ಟೆಗೆ ಹೋದೆ. "ತಪ್ಪಾಯ್ತು ಮಹಾನಂದಮ್ಮ. ರೋಗ ಗಿಡದೊಳಗೇ ಇತ್ತಂತೆ. ನಿಮ್ಮ ಕೈ ಸರಿಯಾಗೇ ಇತ್ತು. ನಾಳೆಯಿಂದ ನಿಮ್ಮ ಕುರ್ಚೀಲಿ ನೀವೇ ಕೂತ್ಕೊಳ್ಳಿ."

ಅವರು ನಲ್ಲಿ ನಿಲ್ಲಿಸಿದರು. ಹರಿದ ಕೈಗವಸು ಬಿಚ್ಚಿ, ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದರು. ಚರ್ಮ ಸುಲಿದು, ಗೆರೆಗೆರೆಯಾಗಿ ಒಡೆದು, ಬಿರುಕಿನೊಳಗೆ ರಕ್ತ ಕಾಣುತ್ತಿತ್ತು. ಆಮೇಲೆ ಗಾಜಿನ ಕಿಟಕಿಯಾಚೆ, ಮೇಜಿನ ಪಕ್ಕದ ಗೋಡೆಯ ಕಡೆ ಕಣ್ಣು ಹಾಯಿಸಿದರು. ನನ್ನದೇ ಅಕ್ಷರ, ಮೊದಲನೇ ನಿಯಮ: ಕೈಯಲ್ಲಿ ಗಾಯ, ಬಿರುಕು ಇದ್ದವರು ಈ ಮೇಜಿಗೆ ಕೂರುವಂತಿಲ್ಲ.

"ಸಂಜೆ ಲಿಂಗ ಇಟ್ಕೊಂಡು ನೀರು ಹಾಕಿದ್ರೂ ಉರಿಯುತ್ತೆ" ಎಂದರು. "ಆವತ್ತು ನೀವು ಹೇಳಿದ್ದು ಸುಳ್ಳು ಸಾರ್. ಈಗ ನೋಡಿ, ನಿಜವಾಗ್ಲೂ ನನ್ನ ಕೈ ಸರಿಯಿಲ್ಲ."