ಕ್ಲೈವ್ ಮಾವನ ತೊಂಬತ್ತನೇ ದಿನ

ಕ್ಲೈವ್ ಮಾವನ ಸುದ್ದಿ ತೆಗೆದರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೂ ಕೇಳಿ. ಮೂವತ್ತು ವರ್ಷ ಕುರಿಗಳ ತುಪ್ಪಟ ಕತ್ತರಿಸಿದವನು. ನಾನು ಅವನ ಅಕ್ಕನ ಮಗಳು, ಅದೇ ತಂಡದವಳು. ಬಗ್ಗಿ ಬಗ್ಗಿ ಅವನ ಸೊಂಟ ಬಿತ್ತು, ನೋವಿಗೆ ಡಾಕ್ಟರು ಮಾತ್ರೆ ಕೊಟ್ಟರು, ಆ ಮಾತ್ರೆಯೇ ಚಟವಾಯಿತು. ಬರೆದುಕೊಡಲು ಎರಡು ನಿಮಿಷ ಸಾಕಾಯಿತು. ಬಿಡಿಸಿ ಎಂದಾಗ ಏಳು ತಿಂಗಳು ಕಾಯಿಸಿದರು.

ಕೊನೆಗೆ ಸಿಕ್ಕ ಚಿಕಿತ್ಸೆ ಏನಪ್ಪಾ ಅಂದರೆ, ದಿನಕ್ಕೊಂದು ಸಲ ಕರ್ರಾಬಿ ಪೇಟೆಯ ಔಷಧಿ ಅಂಗಡಿಗೆ ಹೋಗಿ, ಅಂಗಡಿಯವಳ ಕಣ್ಣೆದುರೇ ಔಷಧಿ ಕುಡಿಯಬೇಕು. ತೊಂಬತ್ತು ದಿನ ತಪ್ಪದೆ ಕುಡಿದರೆ ವಾರದ ಔಷಧಿ ಮನೆಗೆ. ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ಅಂಗಡಿ ತೆಗೆಯುವುದು ಒಂಬತ್ತಕ್ಕೆ, ಮುಚ್ಚುವುದು ಐದಕ್ಕೆ. ತುಪ್ಪಟ ಕತ್ತರಿಸುವ ಶೆಡ್ಡಿನಲ್ಲಿ ನಮ್ಮ ಕೆಲಸ ಏಳೂವರೆಯಿಂದ ಐದೂವರೆ.

ಹಾಗಾಗಿ ಮಾವ ಎಂಬತ್ತೊಂಬತ್ತು ದಿನ ಪೇಟೆಯಲ್ಲೇ ಬೇಲಿ ಕಟ್ಟಿಕೊಂಡು ಕಾಲ ತಳ್ಳಿದ. ತೊಂಬತ್ತನೇ ದಿನವೇ ಎಂಬತ್ತು ಕಿಲೋಮೀಟರ್ ಆಚೆ ದೊಡ್ಡ ಶೆಡ್ಡಿನ ಕೆಲಸ ಶುರುವಾಗಬೇಕೇ! ಮೊದಲ ದಿನ ಬೆಳಿಗ್ಗೆ ಇಲ್ಲದವನ ಜಾಗ ಬೇರೆಯವರಿಗೆ ಎಂದು ಮೇಸ್ತ್ರಿ ನೋಯೆಲ್ ಹೇಳಿಬಿಟ್ಟಿದ್ದ. ಸ್ವಲ್ಪ ಬೇಗ ಬಾಗಿಲು ತೆಗೆಯಮ್ಮ ಎಂದರೆ ಅಂಗಡಿಯವಳು ರೂಲ್ಸ್ ಎಂದಳು.

"ನಾನು ಸರಿಹೋಗಿದ್ದೀನಿ ಅಂತ ತೋರಿಸಕ್ಕೆ ಕೆಲಸ ಬಿಡ್ಬೇಕಂತೆ," ಎಂದ ಮಾವ. "ಸುಮ್ನೆ ಕೂತ್ರೆ ಮತ್ತೆ ಮಾತ್ರೆನೇ ನೆನಪಾಗುತ್ತೆ ಕಣೇ."

ಆದರೂ ಬೆಳಿಗ್ಗೆ ಶೆಡ್ಡಿಗೆ ಬಂದ. ಒದ್ದೆ ತುಪ್ಪಟ ಕತ್ತರಿಸಿದರೆ ಮೈಗೆ ಕೇಡು, ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿಯಿದೆ. ಕುರಿ ಒದ್ದೆ ಎಂದು ಯಾರಾದರೂ ಅನುಮಾನಪಟ್ಟರೆ, ತಲಾ ಎರಡು ಕುರಿಗಳ ತುಪ್ಪಟ ಕತ್ತರಿಸಿ ನೋಡಿ ಚೀಟಿಯಲ್ಲಿ ಓಟು ಹಾಕುತ್ತೇವೆ. ಒದ್ದೆ ಗೆದ್ದರೆ ಅವತ್ತು ಕೆಲಸ ಬಂದ್, ಮಾಲೀಕನೂ ಉಸಿರೆತ್ತುವಂತಿಲ್ಲ.

ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ತುಪ್ಪಟ ಗರಿಗರಿಯಾಗಿತ್ತು. ಇಬ್ಬನಿ ಬಿದ್ದ ಹಾಗಿದೆಯಲ್ಲ ಎಂದು ನಾನು ಶುರು ಮಾಡಿದೆ. ಆರು ಜನ ಚೀಟಿ ಹಾಕಿದೆವು. ನೋಯೆಲ್ ಬಿಚ್ಚಿ ಓದಿದ. ಐದು ಒದ್ದೆ, ಒಂದು ಒಣ.

"ಯಾವ ಪುಣ್ಯಾತ್ಮಂದು ಈ ಒಣ?" ಎಂದ ನೋಯೆಲ್.

ಮಾವ ನೆಲ ನೋಡುತ್ತಿದ್ದ. "ಒಣಗಿರೋ ಕುರಿನ ಒದ್ದೆ ಅಂತ ನಾನು ಯಾವತ್ತೂ ಬರ್ದಿಲ್ಲ," ಎಂದ.

"ಬಾಯ್ಮುಚ್ಕೊಂಡು ಕಾರ್ ಹತ್ತು ಮಾವ," ಎಂದೆ.

ಒಂಬತ್ತಕ್ಕೆ ಸರಿಯಾಗಿ ಕುಡಿದ. ತೊಂಬತ್ತು ಮುಗಿಯಿತು, ಇನ್ನು ಮನೆಗೆ ಕೊಡಿ ಎಂದೆವು. ಅದಕ್ಕೆ ಡಾಕ್ಟರ ಸಹಿ ಬೇಕಂತೆ. ಡಾಕ್ಟರಿಗೆ ಮೂರು ವಾರ ರಜೆಯಂತೆ. ಅಲ್ಲಿಯವರೆಗೆ ದಿನಾ ಬರಬೇಕಂತೆ.

ಮೂರು ವಾರ ಪೂರ್ತಿ ಯಾವ ಕುರಿಯೂ ಒದ್ದೆಯಾಗಿರುವುದಿಲ್ಲ. ಅಂಗಡಿಯ ಮುಂದೆಯೇ ನಿಂತು ಮಾವ ನೋಯೆಲ್‌ಗೆ ಫೋನ್ ಮಾಡಿ ಜಾಗ ಬಿಟ್ಟುಕೊಟ್ಟ. ನಾನು ರಸ್ತೆಯಲ್ಲೇ ಕೂಗಾಡಿದೆ.

"ಕೆಲಸ ಇನ್ನೊಂದ್ಸಲ ಸಿಗುತ್ತೆ," ಎಂದ. "ಈ ತೊಂಬತ್ತು ದಿನ ಇನ್ನೊಂದ್ಸಲ ನನ್ ಕೈಲಾಗಲ್ಲ ಕಣೇ."

ಈಗ ಪ್ರತಿ ಚಹಾ ಬಿಡುವಿನಲ್ಲೂ ಕ್ಲಿನಿಕ್ಕಿಗೆ ಫೋನ್ ಮಾಡುತ್ತಿದ್ದೇನೆ, ಬೇರೆ ಡಾಕ್ಟರು ಯಾರಾದರೂ ಸಹಿ ಹಾಕಲಿ ಎಂದು. ಇವತ್ತಿಗೆ ಹನ್ನೊಂದು ಸಲವಾಯಿತು. ಲೈನಿನಲ್ಲಿ ಕಾಯಿಸಿ ಹಾಡು ಕೇಳಿಸುತ್ತಾರೆ.